ಶಿಕ್ಷಣ ಸಮೀಕ್ಷೆಗಳಲ್ಲಿ ಉತ್ತರದೋಷ: ಅಳತೆ ಮತ್ತು ನಿಯಂತ್ರಣ

1. ಪ್ರವೇಶ

ಸಾಕ್ಷರತೆಯ ಪ್ರಮಾಣ, ಶಾಲಾ ದಾಖಲಾತಿ, ಶಾಲೆ ಬಿಟ್ಟವರ ಸಂಖ್ಯೆ, ಬೋಧನ ಮಾಧ್ಯಮ, ಮಾತೃಭಾಷೆ ಮುಂತಾದ ಅಂಕಿಗಳಿಲ್ಲದೆ ಶಿಕ್ಷಣವನ್ನು ಕುರಿತ ಯಾವ ಚರ್ಚೆಯೂ ಇಂದು ಮುಂದುವರಿಯುವುದಿಲ್ಲ. ವರದಿಗಳಲ್ಲಿ ಅಚ್ಚಾದ ಮೇಲೆ ಈ ಅಂಕಿಗಳು ಶಿಲಾಶಾಸನದಂತೆ ಸ್ಥಿರವಾಗಿ ತೋರುತ್ತವೆ. ಆದರೆ ಇವುಗಳಲ್ಲಿ ಹೆಚ್ಚಿನವು ಮೊದಲು ಒಬ್ಬರು ಕೇಳಿದ, ಇನ್ನೊಬ್ಬರು ಹೇಳಿದ, ಕೇಳಿದವರು ತಮಗೆ ತಿಳಿದಂತೆ ಬರೆದುಕೊಂಡ ಮಾತುಗಳೇ ಆಗಿದ್ದವು. ಕೇಳಿದ್ದಕ್ಕೂ ಹೇಳಿದ್ದಕ್ಕೂ, ಹೇಳಿದ್ದಕ್ಕೂ ಬರೆದದ್ದಕ್ಕೂ ನಡುವೆ ಉಂಟಾಗುವ ಅಂತರವನ್ನು ನಾವಿಲ್ಲಿ ಉತ್ತರದೋಷ ಎಂದು ಕರೆಯುತ್ತೇವೆ.

ಈ ದೋಷವು ಹೇಗೆ ಹುಟ್ಟುತ್ತದೆ, ಅದನ್ನು ಅಳೆಯುವ ಬಗೆ ಯಾವುದು, ಅದನ್ನು ಎಷ್ಟರಮಟ್ಟಿಗೆ ಹತೋಟಿಯಲ್ಲಿಡಬಹುದು ಎಂಬುದನ್ನು ಕರ್ನಾಟಕದ ಹೊರಗಿದ್ದು ಕೆಲಸ ಮಾಡುತ್ತಿರುವ ಸಂಶೋಧಕರಿಗೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಉದಾಹರಣೆಗಳನ್ನು ಹೆಚ್ಚಾಗಿ ದೆಹಲಿ ಮತ್ತು ಅದರ ಸುತ್ತಲಿನ ರಾಷ್ಟ್ರ ರಾಜಧಾನಿ ವಲಯದಿಂದ ಆರಿಸಿಕೊಂಡಿದ್ದೇವೆ. ಇದಕ್ಕೆ ಎರಡು ಕಾರಣಗಳಿವೆ. ದೇಶದ ಶಿಕ್ಷಣ ಅಂಕಿಅಂಶಗಳನ್ನು ರೂಪಿಸುವ ಮುಖ್ಯ ಸಂಸ್ಥೆಗಳು ಇಲ್ಲಿಯೇ ಇವೆ. ಜತೆಗೆ, ಉತ್ತರ ಪ್ರದೇಶ, ಹರಿಯಾಣ, ರಾಜಸ್ಥಾನಗಳ ಜಿಲ್ಲೆಗಳನ್ನೂ ಒಳಗೊಂಡ ಈ ವಲಯದಲ್ಲಿ ಹಲವು ಭಾಷೆಗಳ, ಹಲವು ಶಾಲಾ ವ್ಯವಸ್ಥೆಗಳ ಕುಟುಂಬಗಳು ಒಂದೇ ಬೀದಿಯಲ್ಲಿ ನೆಲೆಸಿವೆ. ಒಂದೇ ಪ್ರಶ್ನೆ ಹತ್ತು ಮನೆಗಳಲ್ಲಿ ಹತ್ತು ಅರ್ಥಗಳನ್ನು ಪಡೆಯುವುದನ್ನು ಕಾಣಲು ಇದಕ್ಕಿಂತ ತಕ್ಕ ಕ್ಷೇತ್ರ ವಿರಳ.

2. ದೊಡ್ಡ ಮಾದರಿಯ ಭ್ರಮೆ

ಸಮೀಕ್ಷೆಯ ಅಂಕಿಯಲ್ಲಿ ಎರಡು ಬಗೆಯ ದೋಷಗಳಿರುತ್ತವೆ. ಎಲ್ಲರನ್ನೂ ಕೇಳದೆ ಕೆಲವರನ್ನು ಮಾತ್ರ ಕೇಳಿದುದರಿಂದ ಬರುವುದು ಮಾದರಿದೋಷ. ಆಯ್ದ ಕುಟುಂಬಗಳ ಸಂಖ್ಯೆ ಹೆಚ್ಚಿದಂತೆ ಇದು ಕಡಿಮೆಯಾಗುತ್ತದೆ. ಇದರ ಅಂದಾಜನ್ನು ವರದಿಗಳು ಸಾಮಾನ್ಯವಾಗಿ ನೀಡುತ್ತವೆ. ಎರಡನೆಯದು ಮಾದರಿಗೆ ಸಂಬಂಧಿಸದ ದೋಷ. ಉತ್ತರದೋಷ ಇದರ ಬಹುಮುಖ್ಯ ಭಾಗ. ಸಾವಿರ ಕುಟುಂಬಗಳಿಗೆ ತಪ್ಪು ಅರ್ಥ ಕೊಡುವ ಪ್ರಶ್ನೆಯನ್ನು ಲಕ್ಷ ಕುಟುಂಬಗಳಿಗೆ ಕೇಳಿದರೆ ತಪ್ಪು ಕಡಿಮೆಯಾಗುವುದಿಲ್ಲ. ಅದೇ ತಪ್ಪು ಇನ್ನಷ್ಟು ನಿಖರವಾಗಿ ಕಾಣುವಂತಾಗುತ್ತದೆ, ಅಷ್ಟೆ. ಜನಗಣತಿಯಂತಹ ಸಂಪೂರ್ಣ ಎಣಿಕೆಯಲ್ಲಿ ಮಾದರಿದೋಷವೇ ಇಲ್ಲ, ಉತ್ತರದೋಷ ಮಾತ್ರ ಪೂರ್ತಿಯಾಗಿ ಉಳಿದಿರುತ್ತದೆ.

ಉತ್ತರದೋಷದಲ್ಲಿಯೂ ಎರಡು ರೀತಿಗಳಿವೆ. ಎಲ್ಲ ಉತ್ತರಗಳೂ ಒಂದೇ ದಿಕ್ಕಿಗೆ ಸರಿದರೆ ಅದನ್ನು ಒಮ್ಮುಖ ದೋಷ ಎನ್ನಬಹುದು. ಮಗು ಶಾಲೆಗೆ ಹೋಗುತ್ತಿಲ್ಲವೆಂದು ಹೇಳಲು ನಾಚುವ ತಂದೆತಾಯಿ ದಾಖಲಾತಿಯ ಪ್ರಮಾಣವನ್ನು ಸದಾ ಮೇಲಕ್ಕೇ ಒಯ್ಯುತ್ತಾರೆ. ಒಬ್ಬರೇ ವ್ಯಕ್ತಿ ಇಂದು ಒಂದು ರೀತಿ, ಹದಿನೈದು ದಿನಗಳ ಬಳಿಕ ಇನ್ನೊಂದು ರೀತಿ ಉತ್ತರಿಸಿದರೆ ಅದು ಚಂಚಲ ದೋಷ. ಚಂಚಲ ದೋಷಗಳು ಮೊತ್ತದಲ್ಲಿ ಒಂದನ್ನೊಂದು ಅಳಿಸಿಹಾಕಬಹುದು. ಆದುದರಿಂದ ಅವು ನಿರುಪದ್ರವಿ ಎಂಬ ಭಾವನೆ ಸಂಶೋಧಕರಲ್ಲಿದೆ. ಇದು ಸರಿಯಲ್ಲವೆಂಬುದನ್ನು ಮುಂದೆ ಲೆಕ್ಕದ ಮೂಲಕವೇ ತೋರಿಸುತ್ತೇವೆ.

ಭಾರತದಲ್ಲಿ ಈ ಚಿಂತನೆಗೆ ಗಟ್ಟಿಯಾದ ಪರಂಪರೆಯಿದೆ. 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪಿ. ಸಿ. ಮಹಲನೋಬಿಸ್ ಅವರು ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಗಳಲ್ಲಿ ಒಂದೇ ಪ್ರದೇಶಕ್ಕೆ ಎರಡು ಸ್ವತಂತ್ರ ಉಪಮಾದರಿಗಳನ್ನು ಹೆಣೆದು, ಬೇರೆ ಬೇರೆ ತಂಡಗಳನ್ನು ಕಳುಹಿಸಿ ಫಲಿತಾಂಶಗಳನ್ನು ಹೋಲಿಸಿದರು. ಎರಡರ ನಡುವಣ ಅಂತರವೇ ಕ್ಷೇತ್ರಕಾರ್ಯದ ಗುಣಮಟ್ಟಕ್ಕೆ ಸಾಕ್ಷಿಯಾಯಿತು. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಉಪಮಾದರಿಗಳ ಈ ಪದ್ಧತಿಯನ್ನು ಮುಂದುವರಿಸಿತು. ಅಮೆರಿಕದಲ್ಲಿ ಮಾರಿಸ್ ಹ್ಯಾನ್ಸನ್, ವಿಲಿಯಂ ಹರ್ವಿಟ್ಜ್ ಮೊದಲಾದವರು ಜನಗಣತಿ ಕಾರ್ಯಾಲಯದಲ್ಲಿದ್ದು 1960ರ ದಶಕದ ಹೊತ್ತಿಗೆ ಮರುಸಂದರ್ಶನದ ಗಣಿತವನ್ನು ರೂಪಿಸಿದರು. ಅಲ್ಲಿಯ ರಾಷ್ಟ್ರೀಯ ಶಿಕ್ಷಣ ಅಂಕಿಅಂಶ ಕೇಂದ್ರವು 1980ರ ದಶಕದ ಕೊನೆಯಿಂದ ಶಾಲೆ ಮತ್ತು ಶಿಕ್ಷಕರ ಸಮೀಕ್ಷೆಗಳಲ್ಲಿ ಅದನ್ನು ಬಳಸಿ, ಅಸ್ಥಿರವೆಂದು ಕಂಡ ಪ್ರಶ್ನೆಗಳನ್ನು ಗುರುತಿಸುತ್ತ ಬಂದಿದೆ.

3. ದೋಷ ಹುಟ್ಟುವ ನೆಲೆಗಳು

ಮೊದಲನೆಯ ನೆಲೆ ಪ್ರಶ್ನೆಯ ಮಾತು. ಕನ್ನಡದ 'ಓದು' ಎಂಬ ಪದವನ್ನೇ ತೆಗೆದುಕೊಳ್ಳೋಣ. 'ಮಗ ಓದುತ್ತಾನೆಯೇ?' ಎಂದರೆ ಅಕ್ಷರಗಳನ್ನು ಕೂಡಿಸಿ ಓದಬಲ್ಲನೇ ಎಂದೂ ಶಾಲೆಗೆ ಹೋಗುತ್ತಿದ್ದಾನೆಯೇ ಎಂದೂ ಮನಸ್ಸಿಟ್ಟು ಅಭ್ಯಾಸ ಮಾಡುತ್ತಾನೆಯೇ ಎಂದೂ ಅರ್ಥವಾಗುತ್ತದೆ. 'ಓದಿದವರು' ಎಂದರೆ ವಿದ್ಯಾವಂತರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು, ದೇವರನಾಮದ ಪುಸ್ತಕವನ್ನು ಸರಾಗವಾಗಿ ಓದಬಲ್ಲ ಅಜ್ಜಿಯೊಬ್ಬರು 'ನಾನು ಓದಿದವಳಲ್ಲ' ಎಂದರೆ ಅದು ಸುಳ್ಳಲ್ಲ. ಸಮೀಕ್ಷೆಯ ಕಾಗದದಲ್ಲಿ ಮಾತ್ರ ಅದು ತಪ್ಪಾಗಿ ದಾಖಲಾಗುತ್ತದೆ. 'ಹತ್ತನೆಯದರವರೆಗೆ ಓದಿದ್ದೇನೆ' ಎಂಬ ಉತ್ತರದಲ್ಲಿ ತೇರ್ಗಡೆಯಾದವರೂ ಅನುತ್ತೀರ್ಣರಾದವರೂ ಬೆರೆತಿರುತ್ತಾರೆ. ಹಿಂದಿಯ 'ಪಢನಾ' ಶಬ್ದಕ್ಕೂ ಇದೇ ಬಹ್ವರ್ಥವಿರುವುದರಿಂದ ದೆಹಲಿಯ ಪ್ರಶ್ನಾವಳಿಗಳಲ್ಲಿ ಈ ತೊಡಕು ಎರಡು ಭಾಷೆಗಳಲ್ಲಿಯೂ ಎದುರಾಗುತ್ತದೆ.

ಎರಡನೆಯ ನೆಲೆ ಉತ್ತರ ಹೇಳುವವರು. ಕುಟುಂಬದ ಎಲ್ಲರ ವಿಷಯವನ್ನೂ ಮನೆಯಲ್ಲಿ ಸಿಕ್ಕ ಒಬ್ಬರೇ ಹೇಳುವುದು ನಮ್ಮ ಸಮೀಕ್ಷೆಗಳ ರೂಢಿ. ಸೊಸೆಯ ವಿದ್ಯಾಭ್ಯಾಸವನ್ನು ಮಾವ, ಮಗನ ಶುಲ್ಕವನ್ನು ತಾಯಿ, ಊರಿನಲ್ಲಿ ಅಜ್ಜಿಯ ಬಳಿ ಉಳಿದಿರುವ ಮಗುವಿನ ತರಗತಿಯನ್ನು ದೆಹಲಿಯಲ್ಲಿ ದುಡಿಯುವ ತಂದೆ ಹೇಳುತ್ತಾರೆ. ನೆನಪಿನ ಕೊರತೆಯೂ ಇಲ್ಲಿ ಸೇರುತ್ತದೆ. ಇಡೀ ವರ್ಷದ ವೆಚ್ಚವನ್ನು ಒಂದೇ ಉಸಿರಿನಲ್ಲಿ ಕೇಳಿದಾಗ ಪ್ರವೇಶಶುಲ್ಕ ನೆನಪಾಗುತ್ತದೆ, ತಿಂಗಳು ತಿಂಗಳು ತೆತ್ತ ಬಸ್ಸಿನ ಹಣ ಮರೆಯುತ್ತದೆ. ನಾಚಿಕೆ, ಭಯ, ಆಸೆಗಳೂ ಉತ್ತರವನ್ನು ತಿರುಗಿಸುತ್ತವೆ. ಶಿಕ್ಷಣ ಹಕ್ಕು ಕಾಯಿದೆಯ ಮೇರೆಗೆ ಖಾಸಗಿ ಶಾಲೆಗಳಲ್ಲಿ ದುರ್ಬಲ ವರ್ಗದವರಿಗೆ ಮೀಸಲಾದ ಶೇಕಡಾ 25 ಸ್ಥಾನಗಳಲ್ಲಿ ಮಗುವನ್ನು ಸೇರಿಸಿದ ಕುಟುಂಬವು ಅಪರಿಚಿತರಿಗೆ ತನ್ನ ಆದಾಯವನ್ನು ಹೇಳುವಾಗ ಹತ್ತು ಸಲ ಯೋಚಿಸುವುದು ಸಹಜ.

ವಯಸ್ಸಿನ ವಿಷಯವಂತೂ ಎಲ್ಲರಿಗೂ ಪರಿಚಿತ. ಜನಗಣತಿಯ ವಯೋಪಟ್ಟಿಗಳಲ್ಲಿ ಸೊನ್ನೆ ಮತ್ತು ಐದರಿಂದ ಕೊನೆಗೊಳ್ಳುವ ವಯಸ್ಸುಗಳ ಬಳಿ ಜನ ಗುಂಪುಗೂಡುತ್ತಾರೆ. ಕರ್ನಾಟಕದಲ್ಲಿ ಶಾಲೆಗೆ ಸೇರಿಸುವ ದಿನ ಮೇಷ್ಟರು ಬರೆದುಕೊಂಡ ಜೂನ್ 1ನೆಯ ತಾರೀಖೇ ಒಂದು ತಲೆಮಾರಿನ ಎಷ್ಟೋ ಮಂದಿಯ ಜನ್ಮದಿನವಾಗಿದೆ. ಆರರಿಂದ ಹದಿನಾಲ್ಕು ವರ್ಷದವರ ಶಿಕ್ಷಣ ಹಕ್ಕನ್ನು ಎಣಿಸಬೇಕಾದಾಗ ಐದೂವರೆಯ ಮಗುವನ್ನು ಆರೆಂದು, ಹದಿನಾಲ್ಕರ ಹುಡುಗಿಯನ್ನು ಹದಿನೈದೆಂದು ಬರೆದರೆ ಲೆಕ್ಕದ ತಳಹದಿಯೇ ಅಲುಗುತ್ತದೆ.

ಮೂರನೆಯ ನೆಲೆ ಸಂದರ್ಶಕರು. ದೆಹಲಿಯಲ್ಲಿ ತರಬೇತಿ ಪಡೆದ ಸಂದರ್ಶಕರಿಗೆ ಕನ್ನಡಿಗರೊಬ್ಬರು 'ಪಿಯುಸಿ' ಎಂದರೆ ಅದನ್ನು ಹನ್ನೆರಡನೆಯ ತರಗತಿ ಎಂದು ಬರೆಯಬೇಕೋ ಡಿಪ್ಲೊಮಾ ಎಂದು ಬರೆಯಬೇಕೋ ತಿಳಿಯದಿರಬಹುದು. ಹಳೆಯ ಮುಂಬಯಿ ಪ್ರಾಂತದ ಹಿರಿಯರು ಹೇಳುವ 'ಮುಲ್ಕಿ ಪರೀಕ್ಷೆ'ಗೆ ಸಂಕೇತಪಟ್ಟಿಯಲ್ಲಿ ಜಾಗವೇ ಇರುವುದಿಲ್ಲ. ಪ್ರತಿಯೊಬ್ಬ ಸಂದರ್ಶಕರೂ ಇಂತಹ ಸಂದೇಹಗಳನ್ನು ತಮ್ಮದೇ ರೀತಿಯಲ್ಲಿ ಪರಿಹರಿಸಿಕೊಳ್ಳುವುದರಿಂದ ಒಬ್ಬರು ತಂದ ಐವತ್ತು ಪ್ರಶ್ನಾವಳಿಗಳು ಪರಸ್ಪರ ಹೋಲತೊಡಗುತ್ತವೆ. ಈ ಹೋಲಿಕೆ ಅತ್ಯಲ್ಪವಾಗಿದ್ದರೂ ಪರಿಣಾಮ ದೊಡ್ಡದು. ಸಂದರ್ಶಕರೊಳಗಿನ ಹೋಲಿಕೆಯ ಗುಣಾಂಕ 0.02 ಮಾತ್ರವಿದ್ದು, ಪ್ರತಿಯೊಬ್ಬರೂ 50 ಮನೆಗಳನ್ನು ನೋಡಿದ್ದರೆ, ಅಂದಾಜಿನ ಚೆದರಿಕೆ 1 + 49 × 0.02, ಅಂದರೆ 1.98 ಪಟ್ಟು ಹೆಚ್ಚುತ್ತದೆ. ಎರಡು ಸಾವಿರ ಮನೆಗಳ ಸಮೀಕ್ಷೆಯು ಸುಮಾರು ಒಂದು ಸಾವಿರ ಮನೆಗಳ ಸಮೀಕ್ಷೆಯಷ್ಟೇ ಬಲವನ್ನು ಉಳಿಸಿಕೊಳ್ಳುತ್ತದೆ.

ನಾಲ್ಕನೆಯ ನೆಲೆ ದಾಖಲೆ. ಶಾಲೆಯ ಹಾಜರಿ ಪುಸ್ತಕ ಮನೆಯ ಮಾತಿಗಿಂತ ನಂಬಲರ್ಹವೆಂದು ನಾವು ಭಾವಿಸುತ್ತೇವೆ. ಆದರೆ ಒಂದು ಶಾಲೆಯಲ್ಲಿ ಹೆಸರು ಉಳಿಸಿಕೊಂಡು ಇನ್ನೊಂದು ಶಾಲೆಗೆ ಹೋಗುವ ಮಗು ಎರಡು ಪುಸ್ತಕಗಳಲ್ಲಿ ಇರುತ್ತದೆ. ದಾಖಲಾತಿಯ ಸಂಖ್ಯೆಗೆ ಅನುದಾನವೂ ಶಿಕ್ಷಕರ ಹುದ್ದೆಯೂ ಗಂಟುಬಿದ್ದಿರುವಾಗ ಬಿಟ್ಟುಹೋದವರ ಹೆಸರನ್ನು ತೆಗೆಯಲು ಯಾರಿಗೂ ಆತುರವಿರುವುದಿಲ್ಲ.

4. ಮರುಸಂದರ್ಶನದ ಗಣಿತ

ದೋಷವನ್ನು ಅಳೆಯುವ ನೇರವಾದ ಮಾರ್ಗವೆಂದರೆ ಮತ್ತೆ ಕೇಳುವುದು. ಆಯ್ದ ಕೆಲವು ಮನೆಗಳಿಗೆ ಎರಡು ಮೂರು ವಾರಗಳ ಬಳಿಕ ಮತ್ತೊಬ್ಬ ಸಂದರ್ಶಕರು ಹೋಗಿ, ಮೊದಲಿನ ಉತ್ತರವನ್ನು ನೋಡದೆ, ಅದೇ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಕೇಳಬೇಕು. ಲೆಕ್ಕವನ್ನು ಸ್ಪಷ್ಟಪಡಿಸಲು ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. 200 ಮಕ್ಕಳ ಬಗ್ಗೆ 'ಟ್ಯೂಷನ್‌ಗೆ ಹೋಗುತ್ತದೆಯೇ?' ಎಂದು ಎರಡು ಸಲ ಕೇಳಲಾಯಿತೆಂದು ಭಾವಿಸೋಣ. ಎರಡು ಸಲವೂ 'ಹೌದು' ಎಂದ ಪ್ರಕರಣಗಳು 50; ಎರಡು ಸಲವೂ 'ಇಲ್ಲ' ಎಂದವು 126; ಮೊದಲು 'ಹೌದು', ಆಮೇಲೆ 'ಇಲ್ಲ' 14; ಮೊದಲು 'ಇಲ್ಲ', ಆಮೇಲೆ 'ಹೌದು' 10.

ಮೊದಲ ಸಲ 'ಹೌದು' ಎಂದವರು 64, ಅಂದರೆ ಶೇಕಡಾ 32. ಎರಡನೆಯ ಸಲ 60, ಅಂದರೆ ಶೇಕಡಾ 30. ಇವುಗಳ ಅಂತರವಾದ 2 ಅಂಶವನ್ನು ನಿವ್ವಳ ವ್ಯತ್ಯಾಸ ಎನ್ನುತ್ತಾರೆ. ಇದನ್ನು ಮಾತ್ರ ನೋಡಿದವರಿಗೆ ಪ್ರಶ್ನೆ ಚೆನ್ನಾಗಿಯೇ ಕೆಲಸ ಮಾಡಿದೆ ಎನಿಸುತ್ತದೆ. ಆದರೆ ಉತ್ತರ ಬದಲಾದ ಮಕ್ಕಳು 14 + 10 = 24, ಅಂದರೆ ಶೇಕಡಾ 12. ಇದು ಒಟ್ಟು ವ್ಯತ್ಯಾಸ. ಎರಡು ಉತ್ತರಗಳಿಗೂ ಪರಸ್ಪರ ಸಂಬಂಧವೇ ಇಲ್ಲದಿದ್ದರೆ, ಬರಿಯ ಆಕಸ್ಮಿಕದಿಂದ ಎಷ್ಟು ವ್ಯತ್ಯಾಸ ಬರುತ್ತಿತ್ತೆಂದು ಲೆಕ್ಕ ಹಾಕಿದರೆ 0.32 × 0.70 + 0.30 × 0.68 = 0.428 ಸಿಗುತ್ತದೆ. ಒಟ್ಟು ವ್ಯತ್ಯಾಸವನ್ನು ಇದರಿಂದ ಭಾಗಿಸಿದರೆ 0.12 ÷ 0.428, ಅಂದರೆ ಸುಮಾರು ಶೇಕಡಾ 28. ಇದೇ ಅಸಂಗತಿ ಸೂಚ್ಯಂಕ. ಇದು 20ಕ್ಕಿಂತ ಕಡಿಮೆಯಿದ್ದರೆ ಪ್ರಶ್ನೆ ಸ್ಥಿರವೆಂದೂ 20ರಿಂದ 50ರವರೆಗಿದ್ದರೆ ಮಧ್ಯಮವೆಂದೂ 50ನ್ನು ಮೀರಿದರೆ ಆ ಪ್ರಶ್ನೆಯ ಉತ್ತರ ನೆಚ್ಚತಕ್ಕದ್ದಲ್ಲವೆಂದೂ ಪರಿಗಣಿಸುವುದು ರೂಢಿ.

ಮರುಸಂದರ್ಶನದಲ್ಲಿ ಎರಡು ಉದ್ದೇಶಗಳನ್ನು ಬೆರೆಸಬಾರದು. ಮನೆಗೆ ಹೋಗದೆಯೇ ಪ್ರಶ್ನಾವಳಿ ತುಂಬಿದವರನ್ನು ಹಿಡಿಯುವುದು ಒಂದು ಉದ್ದೇಶ. ಪ್ರಶ್ನೆಯ ಗುಣವನ್ನು ಅಳೆಯುವುದು ಇನ್ನೊಂದು. ಮೊದಲನೆಯದಕ್ಕೆ ಮೇಲ್ವಿಚಾರಕರು ಹಳೆಯ ಉತ್ತರವನ್ನು ಕೈಯಲ್ಲಿ ಹಿಡಿದು ಹೋಗಬಹುದು. ಎರಡನೆಯದರಲ್ಲಿ ಹಾಗೆ ಮಾಡಿದರೆ ಉತ್ತರಗಳು ತಾವಾಗಿಯೇ ಕೂಡಿಕೊಂಡುಬಿಡುತ್ತವೆ. ಒಮ್ಮುಖ ದೋಷವನ್ನು ತಿಳಿಯಬೇಕಾದರೆ ಮರುಸಂದರ್ಶನ ಮುಗಿದ ಮೇಲೆ ಎರಡು ಉತ್ತರಗಳನ್ನೂ ಮುಂದಿಟ್ಟು, ಯಾವುದು ಸರಿ, ಏಕೆ ಬದಲಾಯಿತು ಎಂದು ವಿಚಾರಿಸಬೇಕು. ಜನ ಎರಡು ಸಲವೂ ಒಂದೇ ತಪ್ಪನ್ನು ಹೇಳಬಹುದಾದ್ದರಿಂದ ಇದಕ್ಕೆ ಅಂಕಪಟ್ಟಿ, ಶುಲ್ಕದ ರಸೀದಿ, ಹಾಜರಿ ಪುಸ್ತಕಗಳಂತಹ ಹೊರಗಿನ ಸಾಕ್ಷಿಯ ಬೆಂಬಲವೂ ಬೇಕು.

5. ಮೊತ್ತ ಸರಿ, ಮಕ್ಕಳು ತಪ್ಪು

ಚಂಚಲ ದೋಷಗಳು ಮೊತ್ತದಲ್ಲಿ ಅಳಿಸಿಹೋಗುತ್ತವೆಯಾದರೆ ಚಿಂತೆಯೇಕೆ ಎಂಬ ಪ್ರಶ್ನೆಗೆ ಇನ್ನೊಂದು ಕಲ್ಪಿತ ಲೆಕ್ಕದಿಂದ ಉತ್ತರಿಸುತ್ತೇವೆ. ಒಂದು ಬಡಾವಣೆಯಲ್ಲಿ 1,000 ಮಕ್ಕಳಿದ್ದಾರೆ. ಅವರಲ್ಲಿ 20 ಮಂದಿ ಶಾಲೆಯ ಹೊರಗಿದ್ದಾರೆ. ಈ 20ರಲ್ಲಿ 10 ಮಕ್ಕಳ ಮನೆಯವರು ನಾಚಿಕೆಯಿಂದ 'ಶಾಲೆಗೆ ಹೋಗುತ್ತದೆ' ಎಂದು ಹೇಳುತ್ತಾರೆ. ಉಳಿದ 980 ಮಕ್ಕಳಲ್ಲಿ ಶೇಕಡಾ 1ರಷ್ಟು, ಅಂದರೆ ಸುಮಾರು 10 ಮಂದಿ, ಬರೆಯುವವರ ಅಜಾಗರೂಕತೆಯಿಂದ 'ಹೋಗುವುದಿಲ್ಲ' ಎಂದು ದಾಖಲಾಗುತ್ತಾರೆ. ವರದಿಯಲ್ಲಿ ಶಾಲೆಯ ಹೊರಗಿರುವವರು 20. ಸಂಖ್ಯೆ ಕರಾರುವಾಕ್ಕಾಗಿದೆ. ಆದರೆ ಪಟ್ಟಿಯನ್ನು ಹಿಡಿದು ಹೊರಟ ಕಾರ್ಯಕರ್ತರು ಬಾಗಿಲು ತಟ್ಟುವ 20 ಮನೆಗಳಲ್ಲಿ 10 ಮನೆಗಳ ಮಕ್ಕಳು ಶಾಲೆಗೆ ಹೋಗಿರುತ್ತಾರೆ. ನಿಜವಾಗಿ ಬೇಕಾಗಿದ್ದ 10 ಮಕ್ಕಳ ಬಾಗಿಲಿಗೆ ಯಾರೂ ಹೋಗುವುದಿಲ್ಲ.

ಗುಂಪು ಚಿಕ್ಕದಾದಷ್ಟೂ ಈ ಅಪಾಯ ಹೆಚ್ಚು. ದೊಡ್ಡ ಗುಂಪಿನಿಂದ ತಪ್ಪಾಗಿ ಬಂದು ಸೇರುವ ಶೇಕಡಾ ಒಂದರಷ್ಟು ಜನ ಚಿಕ್ಕ ಗುಂಪಿನ ಅರ್ಧಭಾಗವಾಗಬಲ್ಲರು. ಶಾಲೆ ಬಿಟ್ಟ ಮಕ್ಕಳು, ಅಂಗವಿಕಲ ಮಕ್ಕಳು, ಹೊರರಾಜ್ಯದಲ್ಲಿರುವ ಭಾಷಾ ಅಲ್ಪಸಂಖ್ಯಾತ ಮಕ್ಕಳು ಎಲ್ಲರೂ ಇಂತಹ ಚಿಕ್ಕ ಗುಂಪಿನವರೇ. ಇವರ ಕಾರಣ ಸಾಮಾಜಿಕ ಅಂಶಗಳೊಡನೆ ಸಂಬಂಧ ಹುಡುಕುವ ಸಂಶೋಧಕರಿಗೂ ಪೆಟ್ಟು ಬೀಳುತ್ತದೆ. ಅರ್ಧಕ್ಕರ್ಧ ಬೆರಕೆಯಾದ ಗುಂಪಿನಲ್ಲಿ, ನಿಜವಾಗಿ ಇರುವ ಸಂಬಂಧವೂ ಮಸುಕಾಗಿ, 'ಪರಿಣಾಮವಿಲ್ಲ' ಎಂಬ ತೀರ್ಮಾನ ಹೊರಬೀಳುತ್ತದೆ.

6. ದೆಹಲಿಯ ಸಂಸ್ಥೆಗಳ ಅನುಭವ

ಶಾಲಾ ಅಂಕಿಅಂಶಗಳ ಇತಿಹಾಸವು ಈ ಪ್ರಶ್ನೆಗೆ ಉತ್ತಮ ಪಾಠ. 1990ರ ದಶಕದ ಮಧ್ಯದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಜತೆಯಲ್ಲಿ ದೆಹಲಿಯ ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆಯು ಆರಂಭಿಸಿದ ಡೈಸ್ ವ್ಯವಸ್ಥೆಯಲ್ಲಿ ಪ್ರತಿ ಶಾಲೆಯೂ ತನ್ನ ಮೊತ್ತಗಳನ್ನು ನಮೂನೆಯಲ್ಲಿ ತುಂಬಿ ಕಳುಹಿಸುತ್ತಿತ್ತು. ಶೇಕಡಾ 5ರಷ್ಟು ಶಾಲೆಗಳ ಮಾಹಿತಿಯನ್ನು ಮತ್ತೆ ಪರಿಶೀಲಿಸುವ ನಿಯಮವೂ ಮುಂದೆ ಸೇರಿತು. 2022-23ರಿಂದ ಯುಡೈಸ್ ಪ್ಲಸ್ ಶಾಲೆಯ ಮೊತ್ತಗಳನ್ನು ಕೈಬಿಟ್ಟು ಒಬ್ಬೊಬ್ಬ ವಿದ್ಯಾರ್ಥಿಯ ವಿವರವನ್ನು ಸಂಗ್ರಹಿಸತೊಡಗಿತು. 2021-22ರಲ್ಲಿ ಸುಮಾರು 26.5 ಕೋಟಿಯಾಗಿದ್ದ ದಾಖಲಾತಿ 2023-24ರಲ್ಲಿ 24.8 ಕೋಟಿಗೆ ಇಳಿಯಿತು.

ಈ ಇಳಿಕೆಯನ್ನು ಕಂಡು ಅಷ್ಟೂ ಮಕ್ಕಳು ಶಾಲೆ ಬಿಟ್ಟರೆನ್ನುವುದು ಅವಸರದ ಮಾತು. ಅಷ್ಟೂ ಹೆಸರುಗಳು ಹಿಂದೆ ಸುಳ್ಳಾಗಿದ್ದವು ಎನ್ನುವುದೂ ಅಷ್ಟೇ ಅವಸರದ ಮಾತು. ಅಳತೆಗೋಲು ಬದಲಾದುದು, ಜನನ ಪ್ರಮಾಣ ಕುಸಿಯುತ್ತಿರುವುದು, ಮಕ್ಕಳು ನಿಜವಾಗಿ ಹೊರಗುಳಿಯುವುದು ಎಂಬ ಮೂರು ಕಾರಣಗಳೂ ಇದರಲ್ಲಿ ಸೇರಿರಬಹುದು. ಇವುಗಳನ್ನು ಬೇರ್ಪಡಿಸಲು ಒಂದೇ ದಾರಿಯಿದೆ. ವಿಧಾನ ಬದಲಾಗುವ ವರ್ಷದಲ್ಲಿ ಆಯ್ದ ಶಾಲೆಗಳಲ್ಲಿ ಹಳೆಯ ನಮೂನೆಯನ್ನೂ ಹೊಸ ನಮೂನೆಯನ್ನೂ ಜತೆಯಾಗಿ ತುಂಬಿಸಿ, ಅಂತರವನ್ನು ಅಳೆದು ಪ್ರಕಟಿಸಬೇಕು. ಇಂತಹ ಸೇತುಸಮೀಕ್ಷೆಯಿಲ್ಲದೆ ಅಳತೆಗೋಲನ್ನು ಬದಲಾಯಿಸಿದರೆ, ಸುಧಾರಣೆ ಎಷ್ಟೇ ಒಳ್ಳೆಯದಿದ್ದರೂ, ಹಿಂದಿನ ವರ್ಷಗಳೊಡನೆ ಹೋಲಿಸುವ ದಾರಿ ಕಡಿದುಹೋಗುತ್ತದೆ.

ಸಾಕ್ಷರತೆಯ ಅಳತೆಯಲ್ಲಿಯೂ ಇದೇ ತೊಡಕು. ಜನಗಣತಿಯ ಪ್ರಕಾರ, ಏಳು ವರ್ಷ ಮತ್ತು ಮೇಲ್ಪಟ್ಟವರಲ್ಲಿ ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ತಿಳಿದು ಓದಲೂ ಬರೆಯಲೂ ಬಲ್ಲವರು ಸಾಕ್ಷರರು; ಓದಲು ಮಾತ್ರ ಬಲ್ಲವರು ಅಲ್ಲ. ವ್ಯಾಖ್ಯೆ ಕಟ್ಟುನಿಟ್ಟಾಗಿದ್ದರೂ ಅದನ್ನು ತಿಳಿಯುವ ಸಾಧನ ಮನೆಯವರ ಮಾತು ಮಾತ್ರ. 2011ರಲ್ಲಿ ದೆಹಲಿಯ ಸಾಕ್ಷರತೆ ಶೇಕಡಾ 86.2, ಕರ್ನಾಟಕದ್ದು 75.4. 2017-18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತಿನಲ್ಲಿ ಇವು ಕ್ರಮವಾಗಿ 88.7 ಮತ್ತು 77.2. ಈ ಏರಿಕೆಯಲ್ಲಿ ಏಳು ವರ್ಷಗಳ ಕಲಿಕೆ ಎಷ್ಟು, ಕೇಳಿದ ಬಗೆಯ ವ್ಯತ್ಯಾಸ ಎಷ್ಟು ಎಂಬುದನ್ನು ಅಂಕಿಗಳು ತಾವಾಗಿ ಹೇಳಲಾರವು.

ಕೇಳುವುದನ್ನು ಬಿಟ್ಟು ನೋಡುವುದು ಇದಕ್ಕೆ ಒಂದು ಪರಿಹಾರ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ನಿಗದಿತ ತರಗತಿಯನ್ನು ಮುಟ್ಟದವರ ಕೈಗೆ ಒಂದು ವಾಕ್ಯವಿರುವ ಚೀಟಿಯನ್ನಿತ್ತು ಓದಿಸುತ್ತದೆ. 'ಪ್ರಥಮ್' ಸಂಸ್ಥೆಯು 2005ರಲ್ಲಿ ಆರಂಭಿಸಿದ 'ಅಸರ್' ಸಮೀಕ್ಷೆಯಲ್ಲಿ ಕಾರ್ಯಕರ್ತರು ಹಳ್ಳಿಯ ಮನೆಗಳಿಗೆ ಹೋಗಿ ಪ್ರತಿ ಮಗುವಿನಿಂದ ಅಕ್ಷರ, ಪದ, ಒಂದನೆಯ ತರಗತಿಯ ಮಟ್ಟದ ವಾಕ್ಯಗಳು, ಎರಡನೆಯ ತರಗತಿಯ ಮಟ್ಟದ ಕಥೆ ಎಂಬ ಕ್ರಮದಲ್ಲಿ ಓದಿಸುತ್ತಾರೆ. ಆ ಬಳಿಕ ದೂರವಾಣಿಯಲ್ಲಿಯೂ ಸ್ಥಳದಲ್ಲಿಯೂ ಮರುಪರಿಶೀಲನೆ ನಡೆಯುತ್ತದೆ. 2024ರ ವರದಿಯಂತೆ ಗ್ರಾಮೀಣ ಭಾರತದ 6ರಿಂದ 14 ವರ್ಷದ ಮಕ್ಕಳಲ್ಲಿ ಶೇಕಡಾ 98.1 ಮಂದಿ ಶಾಲೆಗೆ ದಾಖಲಾಗಿದ್ದರು. ಐದನೆಯ ತರಗತಿಯವರಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಶೇಕಡಾ 48.8. 'ಶಾಲೆಗೆ ಹೋಗುತ್ತದೆ' ಎಂಬ ನಿಜವಾದ ಉತ್ತರದಿಂದ 'ಓದಬಲ್ಲದು' ಎಂಬ ತೀರ್ಮಾನಕ್ಕೆ ಹಾರುವುದು ಎಷ್ಟು ದೊಡ್ಡ ತಪ್ಪೆಂಬುದು ಇದರಿಂದ ಸ್ಪಷ್ಟ. ನೋಡುವ ವಿಧಾನಕ್ಕೂ ಮಿತಿಗಳುಂಟು. ಅಪರಿಚಿತರ ಮುಂದೆ ಮಗು ಅಂಜಬಹುದು. ನೆರೆಯವರು ಪಿಸುಗುಟ್ಟಿ ಹೇಳಿಕೊಡಬಹುದು. ಆದುದರಿಂದ ಇಲ್ಲಿಯೂ ಮರುಪರೀಕ್ಷೆ ಅಗತ್ಯ.

ಪ್ರಶ್ನೆಯ ರಚನೆ ಬದಲಾದಾಗ ಏನಾಗುತ್ತದೆಂಬುದಕ್ಕೆ 2025ರಲ್ಲಿ ಶಿಕ್ಷಣದ ಬಗ್ಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆ ನಿದರ್ಶನ. ಹಿಂದೆ ಶಿಕ್ಷಣ ವೆಚ್ಚದೊಳಗೆ ಒಂದು ಬಾಬಾಗಿದ್ದ ಖಾಸಗಿ ಕೋಚಿಂಗನ್ನು ಇದರಲ್ಲಿ ಪ್ರತ್ಯೇಕವಾಗಿ ಕೇಳಲಾಯಿತು; ಅಂಗನವಾಡಿಗಳನ್ನು ಪೂರ್ವ ಪ್ರಾಥಮಿಕದಲ್ಲಿ ಸೇರಿಸಲಾಯಿತು. ಹೀಗಾಗಿ 75ನೆಯ ಸುತ್ತಿನ ಅಂಕಿಗಳೊಡನೆ ನೇರ ಹೋಲಿಕೆ ಸಲ್ಲದೆಂದು ಪ್ರಕಟಣೆಯಲ್ಲಿಯೇ ತಿಳಿಸಲಾಗಿದೆ. ಇಂತಹ ಎಚ್ಚರಿಕೆಯನ್ನು ಅಡಿಟಿಪ್ಪಣಿಯೆಂದು ಬಿಟ್ಟು ಓದುವ ಸಂಶೋಧಕರೇ ಹೆಚ್ಚೆಂಬುದು ವಿಷಾದದ ಸಂಗತಿ.

ದೆಹಲಿಯ ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನ ಮಂಡಳಿಯ ಆಶ್ರಯದಲ್ಲಿ 2017ರ ಕೊನೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ದತ್ತಾಂಶ ನಾವೀನ್ಯ ಕೇಂದ್ರವು ಇದೇ ಸಮಸ್ಯೆಯನ್ನು ತನ್ನ ಅಧ್ಯಯನದ ವಿಷಯವನ್ನಾಗಿ ಮಾಡಿಕೊಂಡಿತು. 2019ರಲ್ಲಿ ಆರಂಭವಾದ ಅದರ 'ದೆಹಲಿ ಮಹಾನಗರ ಪ್ರದೇಶ ಅಧ್ಯಯನ'ವು ರಾಜಧಾನಿ ವಲಯದ ನಗರ ಮತ್ತು ಗ್ರಾಮಗಳ ಕುಟುಂಬಗಳನ್ನು ಆರಿಸಿಕೊಂಡು ಮಾಹಿತಿ ಸಂಗ್ರಹದ ವಿಧಾನಗಳನ್ನೇ ಪ್ರಯೋಗಕ್ಕೆ ಒಡ್ಡಿತು. ಉತ್ತರದ ಜತೆಗೆ ಉತ್ತರ ಪಡೆಯುವ ಬಗೆಯನ್ನೂ ಅಧ್ಯಯನ ಮಾಡುವ ಈ ಮಾರ್ಗ ಇತರರಿಗೂ ಅನುಕರಣೀಯ.

7. ಮಾತೃಭಾಷೆಯ ಪ್ರಶ್ನೆ

ಹೊರನಾಡ ಕನ್ನಡಿಗರನ್ನು ಅಧ್ಯಯನ ಮಾಡುವವರಿಗೆ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆ ಮಾತೃಭಾಷೆಯದು. ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡಿದ ಭಾಷೆಯನ್ನೇ ಜನಗಣತಿ ಮಾತೃಭಾಷೆಯೆಂದು ಬರೆದುಕೊಳ್ಳುತ್ತದೆ. ಶಾಲೆಯ ನಮೂನೆ ಕೇಳುವುದು ಬೋಧನ ಮಾಧ್ಯಮವನ್ನು. ಸಂಶೋಧಕರಿಗೆ ಬೇಕಾದುದು ಮನೆಮಾತು. ದಕ್ಷಿಣ ಕನ್ನಡದಿಂದ ದೆಹಲಿಗೆ ಬಂದ ಕುಟುಂಬವೊಂದನ್ನು ಊಹಿಸಿಕೊಳ್ಳೋಣ. ತಾಯಿಯ ಮಾತು ತುಳು; ಆಕೆ ಓದಲು ಬರೆಯಲು ಕಲಿತದ್ದು ಕನ್ನಡದಲ್ಲಿ; ಮಕ್ಕಳು ಪರಸ್ಪರ ಆಡುವುದು ಹಿಂದಿ; ಶಾಲೆಯ ಮಾಧ್ಯಮ ಇಂಗ್ಲಿಷ್. 'ನಿಮ್ಮ ಭಾಷೆ ಯಾವುದು?' ಎಂಬ ಒಂದೇ ಪ್ರಶ್ನೆಗೆ ಈ ಮನೆಯಲ್ಲಿ ನಾಲ್ಕು ಸರಿಯುತ್ತರಗಳಿವೆ. ಮರುಸಂದರ್ಶನದಲ್ಲಿ ಉತ್ತರ ಬದಲಾದರೆ ದೋಷ ಪ್ರಶ್ನೆಯದೇ ಹೊರತು ಕುಟುಂಬದ್ದಲ್ಲ.

ಉತ್ತರ ಸರಿಯಾಗಿ ಬಂದ ಮೇಲೆಯೂ ವರ್ಗೀಕರಣದಲ್ಲಿ ಇನ್ನೊಂದು ಹಂತ ಉಳಿದಿದೆ. 2011ರ ಜನಗಣತಿಯು ಕನ್ನಡ ಭಾಷಿಕರೆಂದು 4,37,06,512 ಮಂದಿಯನ್ನು ಎಣಿಸಿತು. ಈ ಶೀರ್ಷಿಕೆಯೊಳಗೆ ನೀಲಗಿರಿಯ ಬಡಗ ಭಾಷಿಕರೂ ಸೇರಿದ್ದಾರೆ. ಕರ್ನಾಟಕದಲ್ಲಿಯೇ ಹುಟ್ಟಿ ಬೆಳೆದ ಲಂಬಾಣಿ ಕುಟುಂಬವು ತನ್ನ ಮಾತನ್ನು ಲಂಬಾಣಿಯೆಂದು ಹೇಳಿದರೆ ಅದು ಹಿಂದಿಯ ಶೀರ್ಷಿಕೆಯೊಳಗೆ ಹೋಗುತ್ತದೆ. ತುಳುವಿಗೆ ಪ್ರತ್ಯೇಕ ಶೀರ್ಷಿಕೆಯಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಯಲ್ಲಿ ಕುಳಿತ ಮಕ್ಕಳ ಮನೆಮಾತು ತುಳು, ಕೊಂಕಣಿ, ಮರಾಠಿ ಏನೂ ಆಗಿರಬಹುದು. ಆದುದರಿಂದ ಕನ್ನಡ ಮಾತೃಭಾಷಿಕರ ಸಂಖ್ಯೆಯಿಂದ ಕನ್ನಡ ಶಾಲೆಯ ಅಗತ್ಯವನ್ನು ಅಳೆಯುವುದಾಗಲಿ, ಕನ್ನಡ ಮಾಧ್ಯಮದ ಮಕ್ಕಳ ಸಂಖ್ಯೆಯಿಂದ ಕನ್ನಡಿಗರ ಸಂಖ್ಯೆಯನ್ನು ಊಹಿಸುವುದಾಗಲಿ ಸಾಧುವಲ್ಲ. ಕನ್ನಡ ಶಿಕ್ಷಕರ ಹುದ್ದೆ, ಪಠ್ಯಪುಸ್ತಕಗಳ ಮುದ್ರಣ, ಅಲ್ಪಸಂಖ್ಯಾತರ ಹಕ್ಕುಗಳು ಇಂತಹ ಅಂಕಿಗಳನ್ನೇ ಅವಲಂಬಿಸಿರುವಾಗ ಇದು ಬರಿಯ ಪಾರಿಭಾಷಿಕ ಚರ್ಚೆಯಲ್ಲ.

8. ನಿಯಂತ್ರಣದ ಕ್ರಮಗಳು

ಸೀಮಿತ ಹಣ ಮತ್ತು ಕಾಲದಲ್ಲಿ ಕೆಲಸ ಮಾಡುವ ಸಂಶೋಧಕರು ಅನುಸರಿಸಬಹುದಾದ ಕೆಲವು ಕ್ರಮಗಳನ್ನು ಇಲ್ಲಿ ಸೂಚಿಸುತ್ತೇವೆ.

ಮೊದಲನೆಯದಾಗಿ, ಪ್ರಶ್ನೆಯನ್ನು ಬರಹದಲ್ಲಿ ಒಪ್ಪಿಕೊಳ್ಳುವ ಮುನ್ನ ಬಾಯಲ್ಲಿ ಪರೀಕ್ಷಿಸಬೇಕು. ಹತ್ತು ಹದಿನೈದು ಮಂದಿಗೆ ಪ್ರಶ್ನೆ ಕೇಳಿ, 'ಈ ಪ್ರಶ್ನೆಯಿಂದ ನಿಮಗೆ ಏನು ಅರ್ಥವಾಯಿತು?' ಎಂದು ವಿಚಾರಿಸಿದರೆ ಅನೇಕ ದೋಷಗಳು ಅಲ್ಲಿಯೇ ಹೊರಬೀಳುತ್ತವೆ. ಕನ್ನಡಕ್ಕೆ ಅನುವಾದಿಸಿದ ಪ್ರಶ್ನಾವಳಿಯನ್ನು ಧಾರವಾಡ, ಕಲಬುರಗಿ, ಮಂಗಳೂರು, ಮೈಸೂರುಗಳ ಆಡುಮಾತುಗಳವರಿಗೆ ಬೇರೆ ಬೇರೆಯಾಗಿ ಕೇಳಿ ನೋಡಬೇಕು.

ಎರಡನೆಯದಾಗಿ, ಹಲವು ಅರ್ಥಗಳಿರುವ ಪ್ರಶ್ನೆಯನ್ನು ಒಡೆಯಬೇಕು. 'ಎಷ್ಟು ಓದಿದ್ದೀರಿ?' ಎನ್ನುವ ಬದಲು 'ಕೊನೆಯದಾಗಿ ಯಾವ ತರಗತಿಯಲ್ಲಿ ಕುಳಿತಿರಿ?', 'ಕೊನೆಯದಾಗಿ ಯಾವ ಪರೀಕ್ಷೆಯಲ್ಲಿ ತೇರ್ಗಡೆಯಾದಿರಿ?' ಎಂದು ಎರಡಾಗಿ ಕೇಳಬೇಕು. 'ಶಾಲೆಗೆ ಹೋಗುತ್ತದೆಯೇ?' ಎಂಬುದರ ಜತೆಗೆ 'ಕಳೆದ ಏಳು ದಿನಗಳಲ್ಲಿ ಎಷ್ಟು ದಿನ ಹೋಯಿತು?' ಎಂದು ಕೇಳಬೇಕು. ಭಾಷೆಯ ವಿಷಯದಲ್ಲಿ ತಾಯಿಯ ಮಾತು, ಮನೆಯಲ್ಲಿ ಹೆಚ್ಚಾಗಿ ಆಡುವ ಮಾತು, ಓದಲು ಬರೆಯಲು ಬಲ್ಲ ಭಾಷೆ, ಶಾಲೆಯ ಮಾಧ್ಯಮ ಇವುಗಳಿಗೆ ನಾಲ್ಕು ಪ್ರತ್ಯೇಕ ಪ್ರಶ್ನೆಗಳಿರಬೇಕು.

ಮೂರನೆಯದಾಗಿ, ಉತ್ತರ ಹೇಳಿದವರು ಯಾರೆಂಬುದನ್ನು ಪ್ರತಿ ವ್ಯಕ್ತಿಯ ಸಾಲಿನಲ್ಲಿಯೂ ದಾಖಲಿಸಬೇಕು. ತಾವೇ ಹೇಳಿದ ಉತ್ತರಗಳನ್ನೂ ಬೇರೆಯವರು ಹೇಳಿದ ಉತ್ತರಗಳನ್ನೂ ಹೋಲಿಸಲು ಇದರಿಂದ ಸಾಧ್ಯವಾಗುತ್ತದೆ.

ನಾಲ್ಕನೆಯದಾಗಿ, ಸಂದರ್ಶಕರಿಗೆ ಮನೆಗಳನ್ನು ಅನುಕೂಲಕ್ಕೆ ತಕ್ಕಂತೆ ಹಂಚದೆ, ಒಂದೇ ಬಡಾವಣೆಯ ಮನೆಗಳನ್ನು ಕನಿಷ್ಠ ಇಬ್ಬರಿಗೆ ಚೀಟಿ ಎತ್ತಿ ಹಂಚಬೇಕು. ಹಾಗೆ ಮಾಡಿದಾಗ ಮಾತ್ರ ಬಡಾವಣೆಯ ವ್ಯತ್ಯಾಸವನ್ನೂ ಸಂದರ್ಶಕರ ವ್ಯತ್ಯಾಸವನ್ನೂ ಬೇರ್ಪಡಿಸಬಹುದು. ಮಹಲನೋಬಿಸ್ ಅವರ ವಿಧಾನದ ಸರಳ ರೂಪವಿದು. ಟ್ಯಾಬ್ಲೆಟ್‌ಗಳು ಸಂದರ್ಶನದ ಸಮಯವನ್ನೂ ಸ್ಥಳವನ್ನೂ ತಾವಾಗಿ ದಾಖಲಿಸುವುದರಿಂದ ವಂಚನೆಯನ್ನು ತಡೆಯಬಹುದು. ಆದರೆ ತಪ್ಪು ಪ್ರಶ್ನೆಯನ್ನು ಅವು ತಿದ್ದಲಾರವು.

ಐದನೆಯದಾಗಿ, ಒಟ್ಟು ಮನೆಗಳಲ್ಲಿ ಒಂದು ಭಾಗವನ್ನು, ಶೇಕಡಾ ಐದರಷ್ಟನ್ನಾದರೂ, ಮರುಸಂದರ್ಶನಕ್ಕೆ ಮೊದಲೇ ಮೀಸಲಿಡಬೇಕು. ಚಿಕ್ಕ ಸಮೀಕ್ಷೆಯಲ್ಲಿ ಈ ಭಾಗ ಇನ್ನೂ ಹೆಚ್ಚಿರಬೇಕು. ಹಣದ ಕೊರತೆಯಿದ್ದರೆ ಮಾದರಿಯ ಗಾತ್ರವನ್ನು ತಗ್ಗಿಸಿಯಾದರೂ ಇದನ್ನು ಉಳಿಸಿಕೊಳ್ಳುವುದು ಲೇಸು. ಮರುಸಂದರ್ಶನದ ಫಲಿತಾಂಶವನ್ನು ಸಂದರ್ಶಕರ ದಂಡನೆಗೆ ಬಳಸುವುದಿಲ್ಲವೆಂಬ ಭರವಸೆಯೂ ಅಗತ್ಯ. ದಂಡನೆಯ ಭಯವಿದ್ದಲ್ಲಿ ಎರಡನೆಯ ಸಂದರ್ಶಕರು ಮೊದಲನೆಯವರನ್ನು ಕೇಳಿಯೇ ಉತ್ತರ ಬರೆಯುತ್ತಾರೆ.

9. ಉಪಸಂಹಾರ

ಉತ್ತರದೋಷವಿಲ್ಲದ ಸಮೀಕ್ಷೆ ಎಂಬುದಿಲ್ಲ. ದೋಷವಿರುವುದು ಸಂಶೋಧಕರಿಗೆ ಅವಮಾನವಲ್ಲ. ಅದನ್ನು ಅಳೆಯದಿರುವುದು, ಅಳೆದರೂ ಪ್ರಕಟಿಸದಿರುವುದು ಲೋಪ. 2027ಕ್ಕೆ ನಿಗದಿಯಾಗಿರುವ ಜನಗಣತಿಯು ಡಿಜಿಟಲ್ ರೂಪದ್ದು. ಕುಟುಂಬಗಳು ತಮ್ಮ ವಿವರಗಳನ್ನು ತಾವೇ ತುಂಬುವ ಅವಕಾಶವೂ ಅದರಲ್ಲಿದೆ. ಗಣತಿದಾರರ ಕೈಬರಹದ ತಪ್ಪುಗಳು ಇದರಿಂದ ಕಡಿಮೆಯಾಗಬಹುದು. ಪ್ರಶ್ನೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಅರ್ಥಮಾಡಿಕೊಳ್ಳುವುದು ಮಾತ್ರ ಹಾಗೆಯೇ ಉಳಿಯುತ್ತದೆ. ವಿವರಿಸಿ ಹೇಳುವ ಗಣತಿದಾರರು ಎದುರಿಗಿಲ್ಲದಾಗ ಅದು ಹೆಚ್ಚಲೂಬಹುದು.

ಹೊರನಾಡಿನಲ್ಲಿ ಕನ್ನಡ ಸಮುದಾಯಗಳ ಶಿಕ್ಷಣವನ್ನು ಕುರಿತು ಕೆಲಸ ಮಾಡುತ್ತಿರುವ ವಿದ್ವಾಂಸರಲ್ಲಿ ನಮ್ಮದೊಂದು ವಿನಂತಿಯಿದೆ. ತಮ್ಮ ಪ್ರಬಂಧಗಳ ಅನುಬಂಧದಲ್ಲಿ ಪ್ರಶ್ನಾವಳಿಯ ಇಂಗ್ಲಿಷ್ ಪಾಠವನ್ನಷ್ಟೇ ಕೊಡದೆ, ಕ್ಷೇತ್ರದಲ್ಲಿ ನಿಜವಾಗಿ ಕೇಳಿದ ಕನ್ನಡ ಅಥವಾ ಹಿಂದಿ ವಾಕ್ಯಗಳನ್ನೂ ಕೊಡಬೇಕು. ಮುಖ್ಯ ಪ್ರಶ್ನೆಗಳಿಗಾದರೂ ಅಸಂಗತಿ ಸೂಚ್ಯಂಕವನ್ನು ಮುದ್ರಿಸಬೇಕು. ಕೇಳಿದ ಮಾತು ಯಾವುದೆಂದು ತಿಳಿಯದೆ ಬಂದ ಉತ್ತರಕ್ಕೆ ಬೆಲೆ ಕಟ್ಟಲು ಮುಂದಿನ ಸಂಶೋಧಕರಿಗೆ ಸಾಧ್ಯವಾಗುವುದಿಲ್ಲ.